ಭಾಷಣ, ಮೀಟಿಂಗ್ ರೆಕಾರ್ಡ್ ಮಾಡೋಕೆ ಯಾವ ದಾರಿ ಹಿಡಿಯಬೇಕು?

ಸಭಾಂಗಣದ ಮೂರನೇ ಸಾಲಿನಲ್ಲಿ ಕೂತು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರೆಕಾರ್ಡ್ ಬಟನ್ ಒತ್ತಿದರೆ ಏನು ಸಿಗುತ್ತದೆ? ಮೊದಲು ಲ್ಯಾಪ್‌ಟಾಪಿನದೇ ಫ್ಯಾನ್ ಸದ್ದು. ಆಮೇಲೆ ಚಾವಣಿಯ ಫ್ಯಾನು, ಪಕ್ಕದವರ ಕೆಮ್ಮು, ಯಾರೋ ಕುರ್ಚಿ ಎಳೆದ ಸದ್ದು. ಇವೆಲ್ಲದರ ಹಿಂದೆ, ಬಾವಿಯೊಳಗಿಂದ ಬಂದ ಹಾಗೆ, ಭಾಷಣ.

ಆಗ ಬರುವ ಪ್ರಶ್ನೆ: "ಯಾವ ಸಾಫ್ಟ್‌ವೇರ್ ಹಾಕ್ಕೊಂಡ್ರೆ ಸರಿಹೋಗುತ್ತೆ?" ಯಾವುದನ್ನು ಹಾಕಿಕೊಂಡರೂ ಸರಿಹೋಗುವುದಿಲ್ಲ. ದನಿ ಯಾವ ದಾರಿಯಲ್ಲಿ ಕಂಪ್ಯೂಟರಿನೊಳಗೆ ಬಂತು ಅನ್ನುವುದರಲ್ಲೇ ಮುಕ್ಕಾಲು ಪಾಲು ಕೆಲಸ ಮುಗಿದಿರುತ್ತದೆ. ಅದಕ್ಕೇ ಇಲ್ಲಿ ಮೊದಲು ದನಿಯ ದಾರಿ, ಆಮೇಲೆ ಸಾಫ್ಟ್‌ವೇರ್.

ಮೈಕ್ ಸಿಸ್ಟಮ್ ಇರುವ ಸಭೆ

ಉಪನ್ಯಾಸ, ವಿಚಾರಗೋಷ್ಠಿ, ಪುಸ್ತಕ ಬಿಡುಗಡೆ ಇಂಥವು. ಇಲ್ಲಿ ನಾಲ್ಕು ಆಯ್ಕೆ ಇವೆ: ಲ್ಯಾಪ್‌ಟಾಪಿನ ಒಳಗಿನ ಮೈಕ್, ಯುಎಸ್‌ಬಿ ಮೈಕ್, ಮಾತಾಡುವವರ ಬಟ್ಟೆಗೆ ಸಿಕ್ಕಿಸುವ ಕಾಲರ್ ಮೈಕ್, ಸೌಂಡ್ ಸಿಸ್ಟಮ್‌ನಿಂದಲೇ ಎಳೆದುಕೊಳ್ಳುವ ಲೈನ್.

ಒಳಗಿನ ಮೈಕನ್ನು ಮರೆತುಬಿಡಿ. ತೊಂದರೆ ಇರುವುದು ಮೈಕಿನಲ್ಲಲ್ಲ, ದೂರದಲ್ಲಿ. ಬಾಯಿಗೂ ಮೈಕಿಗೂ ಇರುವ ದೂರ ಎರಡರಷ್ಟಾದರೆ ನೇರವಾಗಿ ಬರುವ ದನಿ 6 ಡೆಸಿಬೆಲ್ (ದನಿಯ ಜೋರು ಅಳೆಯುವ ಮಾನ) ಇಳಿಯುತ್ತದೆ. ಅರ್ಧ ಮೀಟರಿನಿಂದ 4 ಮೀಟರಿಗೆ ಹೋದರೆ 18 ಡೆಸಿಬೆಲ್ ಹೋಯಿತು. ಆದರೆ ಗೋಡೆಗೆ ಬಡಿದು ಬರುವ ಸದ್ದು, ಫ್ಯಾನ್ ಸದ್ದು ಇದ್ದಷ್ಟೇ ಇರುತ್ತವೆ. ವಾಲ್ಯೂಮ್ ಏರಿಸಿದರೆ ಎಲ್ಲವೂ ಒಟ್ಟಿಗೇ ಏರುತ್ತವೆ. ದುಬಾರಿ ಯುಎಸ್‌ಬಿ ಮೈಕ್ ತಂದು ಅದೇ ಮೂರನೇ ಸಾಲಿನಲ್ಲಿಟ್ಟರೂ ಅಷ್ಟೇ. ಲ್ಯಾಪ್‌ಟಾಪ್ ಫ್ಯಾನಿನ ಸದ್ದು ಕಮ್ಮಿಯಾದೀತು, ಭಾಷಣ ಹತ್ತಿರ ಬರುವುದಿಲ್ಲ.

ಉಳಿದದ್ದು ಎರಡು. ಎರಡೂ ಒಳ್ಳೆಯವೇ, ಬೇರೆ ಬೇರೆ ಸಂದರ್ಭಕ್ಕೆ.

ಒಬ್ಬರೇ ಒಂದು ಗಂಟೆ ಮಾತಾಡುತ್ತಾರೆ ಅಂದರೆ ಕಾಲರ್ ಮೈಕ್ ತಗೊಳ್ಳಿ. ಬೋಯಾ ಬಿವೈ-ಎಂ1 ಥರದ್ದು ಅಗ್ಗಕ್ಕೆ ಸಿಗುತ್ತದೆ. ಅದರ ವೈರ್ 6 ಮೀಟರ್ ಉದ್ದ, ಹಾಗಾಗಿ ಲ್ಯಾಪ್‌ಟಾಪ್ ವೇದಿಕೆಯ ಪಕ್ಕದಲ್ಲೇ ಎಲ್ಲಾದರೂ ಇಡಬಹುದು. ಪಿನ್ನಿನ ಮೇಲೆ ಎಷ್ಟು ಕಪ್ಪು ಗೆರೆ ಇವೆ ನೋಡಿ. ಮೂರಿದ್ದರೆ ಫೋನು ಮತ್ತು ಈಗಿನ ಲ್ಯಾಪ್‌ಟಾಪ್‌ಗಳ ಒಂದೇ ತೂತಿನ ಜಾಕ್‌ಗೆ ಕೂರುತ್ತದೆ. ಹಳೆ ಡೆಸ್ಕ್‌ಟಾಪಿನ ಗುಲಾಬಿ ಬಣ್ಣದ ಮೈಕ್ ಜಾಕ್‌ಗೆ ಅದನ್ನು ಹಾಕಬೇಕಿದ್ದರೆ ನಡುವೆ ಅಡಾಪ್ಟರ್ ಬೇಕು. ಒಳಗೆ ಎಲ್‌ಆರ್44 ಗುಂಡಿ ಬ್ಯಾಟರಿ ಇದೆ, ಹೊಸದೊಂದು ಜೇಬಿನಲ್ಲಿರಲಿ. ದನಿ ಮಾತ್ರ ಈ ಬೆಲೆಗೆ ನಂಬಲಾಗದಷ್ಟು ಚೆನ್ನಾಗಿರುತ್ತದೆ.

ಇದರ ಶತ್ರು ನಮ್ಮ ಸನ್ಮಾನ ಕಾರ್ಯಕ್ರಮ. ಶಾಲು ಹೊದಿಸಿದ ಕ್ಷಣದಿಂದ ರೆಕಾರ್ಡಿಂಗ್ ತುಂಬ ಗರಗರ. ಹಾರ ಬಿದ್ದರೆ ಇನ್ನೂ ಜಾಸ್ತಿ. ಮೈಕ್ ಸಿಕ್ಕಿಸುವ ಕೆಲಸವನ್ನು ಸನ್ಮಾನ ಮುಗಿದ ಮೇಲೆ ಇಟ್ಟುಕೊಳ್ಳಿ. ಸೀರೆಯ ಸೆರಗು ಇರುವ ಕಡೆಗಲ್ಲ, ಇನ್ನೊಂದು ಕಡೆಗೆ ಸಿಕ್ಕಿಸಿ.

ಐದಾರು ಜನ ಮಾತಾಡುವ ಗೋಷ್ಠಿಯಾದರೆ ಲೈನ್ ತಗೊಳ್ಳುವುದೇ ಸರಿ. ಎಲ್ಲರೂ ಹೇಗೂ ಮೈಕಿನಲ್ಲೇ ಮಾತಾಡುತ್ತಾರೆ. ಆ ದನಿ ಹಾಲ್‌ನೊಳಗೆ ಸುತ್ತಾಡುವ ಮೊದಲೇ ನಿಮ್ಮ ಕಂಪ್ಯೂಟರಿಗೆ ಬರುತ್ತದೆ. ಮೊದಲ ಹೆಜ್ಜೆ ತಂತ್ರಜ್ಞಾನದ್ದಲ್ಲ. ಸಭೆಗೆ ಅರ್ಧ ಗಂಟೆ ಮೊದಲು ಹೋಗಿ ಮೈಕಿನವರನ್ನು ಮಾತಾಡಿಸಬೇಕು. "ಅಣ್ಣ, ರೆಕಾರ್ಡಿಂಗ್‌ಗೆ ಒಂದು ಲೈನ್ ಕೊಡ್ತೀರಾ?" ಅಂದರೆ ಹೆಚ್ಚಿನವರು "ಬನ್ನಿ ಸಾರ್, ರೆಕ್ ಔಟ್ ಖಾಲಿ ಇದೆ" ಅಂತಲೇ ಹೇಳುತ್ತಾರೆ. ಸಭೆ ಶುರುವಾದ ಮೇಲೆ ವೈರ್ ಹಿಡಿದು ಹೋದರೆ ಯಾರೂ ಹತ್ತಿರ ಸೇರಿಸುವುದಿಲ್ಲ, ಅದು ನ್ಯಾಯವೇ.

ಎಲ್ಲ ಮೈಕುಗಳ ದನಿ ಬಂದು ಸೇರುವ ಮಿಕ್ಸರಿನಲ್ಲಿ 'ರೆಕ್ ಔಟ್' ಅಥವಾ 'ಟೇಪ್ ಔಟ್' ಎಂದು ಬರೆದ ಕೆಂಪು-ಬಿಳಿ ತೂತುಗಳು ಇರುತ್ತವೆ, ಇವಕ್ಕೆ ಆರ್‌ಸಿಎ ಅನ್ನುತ್ತಾರೆ. ಮಿಕ್ಸರ್ ಇಲ್ಲದೆ ಬರೀ ಆಂಪ್ಲಿಫೈಯರ್ ಪೆಟ್ಟಿಗೆ ಇದ್ದರೆ ಹಿಂದೆ 'ಲೈನ್ ಔಟ್' ಇದೆಯಾ ನೋಡಿ. ಒಂದು ವಿಷಯದಲ್ಲಿ ಮಾತ್ರ ಹುಷಾರು: ಸ್ಪೀಕರ್ ವೈರ್ ಬಿಗಿಯುವ ಟರ್ಮಿನಲ್‌ಗಳಿಂದ ಯಾವತ್ತೂ ಲೈನ್ ತೆಗೆಯಬೇಡಿ. ಸಭೆಗಳಿಗೆ ಬರುವ ಆಂಪ್ಲಿಫೈಯರ್‌ಗಳಲ್ಲಿ ಅದು 100 ವೋಲ್ಟ್ ಲೈನ್ ಆಗಿರಬಹುದು. ಲ್ಯಾಪ್‌ಟಾಪ್ ಸುಟ್ಟುಹೋಗುತ್ತದೆ.

ಈಗ ಆ ವೈರಿನ ಇನ್ನೊಂದು ತುದಿ ಎಲ್ಲಿಗೆ? ಲ್ಯಾಪ್‌ಟಾಪಿನ ಮೈಕ್ ಜಾಕ್‌ಗೆ ನೇರ ಚುಚ್ಚಿದರೆ ದನಿ ಒಡೆದು ಬರುತ್ತದೆ. ಆ ಜಾಕ್ ಕಾಯುತ್ತಿರುವುದು ಮೈಕಿನ ಸಣ್ಣ ಸಂಕೇತಕ್ಕೆ, ಮಿಕ್ಸರ್ ಕಳಿಸುವುದು ಅದರ ನೂರಾರು ಪಟ್ಟು ದೊಡ್ಡದನ್ನು. ಹೀಗಾಗಿ ನಡುವೆ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಬೇಕು, ಅಂದರೆ ಹೊರಗಿನ ದನಿಯನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ. ಬೆರಿಂಗರ್ ಯುಸಿಎ222 ಚಿಕ್ಕದು, ಅದರಲ್ಲಿ ಆರ್‌ಸಿಎ ತೂತುಗಳೇ ಇವೆ, ರೆಕ್ ಔಟ್‌ನಿಂದ ನೇರ ಹಾಕಬಹುದು. ಆದರೆ ಅದಕ್ಕೆ ಒಳಬರುವ ದನಿ ತಗ್ಗಿಸುವ ತಿರುಗುಗುಂಡಿ ಇಲ್ಲ, ತಗ್ಗಿಸಬೇಕಾದರೆ ಮಿಕ್ಸರಿನಲ್ಲೇ ತಗ್ಗಿಸಬೇಕು. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಥರದ್ದು ದುಬಾರಿ. ಆದರೆ ಗುಂಡಿಗಳಿವೆ, ಎರಡು ಮೈಕ್ ನೇರ ಹಾಕಬಹುದು, ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟೂ ಸಿಗುತ್ತದೆ. ತಿಂಗಳಿಗೊಂದು ಉಪನ್ಯಾಸ ರೆಕಾರ್ಡ್ ಮಾಡುವ ಬಳಗಕ್ಕೆ ಮೊದಲನೆಯದೇ ಧಾರಾಳ ಸಾಕು. ಮೈಕುಗಳೂ ನಿಮ್ಮವೇ ಆಗಿದ್ದರೆ ಎರಡನೆಯದು.

ವೈರುಗಳ ಹೆಸರು ಗೊತ್ತಿದ್ದರೆ ಅಂಗಡಿಯಲ್ಲಿ ಸಮಯ ಉಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 3.5 ಮಿ.ಮೀ. ಪಿನ್ನಿಗೆ 'ಇಪಿ', ದಪ್ಪ 6.35 ಮಿ.ಮೀ. ಪಿನ್ನಿಗೆ 'ಪಿ-38' ಅನ್ನುತ್ತಾರೆ. 'ಪಿ-38 ಟು ಆರ್‌ಸಿಎ' ಒಂದು, 'ಇಪಿ ಟು ಆರ್‌ಸಿಎ' ಒಂದು ಚೀಲದಲ್ಲಿದ್ದರೆ ಯಾವ ಊರಿನ ಮಿಕ್ಸರ್ ಬಂದರೂ ಹೊಂದಿಸಿಕೊಳ್ಳಬಹುದು.

ಲೈನಿನ ದೊಡ್ಡ ಕಿರಿಕಿರಿ 'ಝುಂ' ಎನ್ನುವ ಸದ್ದು. ನಮ್ಮ ಕರೆಂಟಿನ 50 ಹರ್ಟ್ಸ್ ಅದು. ಲ್ಯಾಪ್‌ಟಾಪ್ ಚಾರ್ಜರ್ ಒಂದು ಸಾಕೆಟ್‌ನಲ್ಲಿ, ಮಿಕ್ಸರ್ ಹಾಲಿನ ಇನ್ನೊಂದು ಮೂಲೆಯ ಸಾಕೆಟ್‌ನಲ್ಲಿ ಇದ್ದಾಗ ಎರಡರ ಅರ್ತಿಂಗ್ ನಡುವೆ ಸುತ್ತು ಬೀಳುತ್ತದೆ. ಚಾರ್ಜರ್ ಕಿತ್ತು ನೋಡಿ, ಹೆಚ್ಚಿನ ಸಲ ತಕ್ಷಣ ನಿಲ್ಲುತ್ತದೆ. ಬ್ಯಾಟರಿ ಅಷ್ಟು ಹೊತ್ತು ಬರಲ್ಲ ಅನ್ನುವವರು ಮಿಕ್ಸರ್ ಇರುವ ಬೋರ್ಡಿನಿಂದಲೇ ಕರೆಂಟ್ ತಗೊಳ್ಳಿ. ಅದೂ ಆಗದಿದ್ದರೆ ಈ ಸುತ್ತನ್ನು ಕಡಿಯಲು ಲೈನಿನ ನಡುವೆ ಹಾಕುವ ಐಸೊಲೇಟರ್ ಸಿಗುತ್ತದೆ.

ಒಂದು ಕೊರತೆಗೆ ಮಾತ್ರ ಲೈನಾಗಲೀ ಕಾಲರ್ ಮೈಕಾಗಲೀ ಮದ್ದಲ್ಲ. ಸಭಿಕರ ಪ್ರಶ್ನೆ ರೆಕಾರ್ಡ್ ಆಗುವುದಿಲ್ಲ. ಉತ್ತರ ಇದೆ, ಪ್ರಶ್ನೆ ಇಲ್ಲ. ಕಾರ್ಡ್‌ಲೆಸ್ ಮೈಕ್ ಸಭಿಕರ ನಡುವೆ ಓಡಾಡಬೇಕು, ಇಲ್ಲವೇ "ಪ್ರಶ್ನೆಯನ್ನ ಒಮ್ಮೆ ನೀವೇ ಹೇಳಿ, ಆಮೇಲೆ ಉತ್ತರ ಕೊಡಿ" ಎಂದು ಭಾಷಣಕಾರರಿಗೆ ಮೊದಲೇ ಹೇಳಿಡಬೇಕು.

ತಾಳಮದ್ದಳೆ ರೆಕಾರ್ಡ್ ಮಾಡುವವರಿಗೆ ಒಂದು ಮಾತು. ಅರ್ಥಧಾರಿಯ ಮೆಲ್ಲನೆಯ ಮಾತಿಗೆ ದನಿ ಹೊಂದಿಸಿಟ್ಟರೆ ಚೆಂಡೆ ಬಿದ್ದಾಗ ಎಲ್ಲವೂ ಒಡೆದುಹೋಗುತ್ತದೆ. ಚೆಂಡೆ ಜೋರಾಗಿರುವಾಗಲೇ ಹೊಂದಿಸಿ. ಮಾತು ಸಣ್ಣದಾಯಿತು ಅನ್ನಿಸಿದರೆ ಆಮೇಲೆ ಏರಿಸಬಹುದು, ಒಡೆದದ್ದನ್ನು ಜೋಡಿಸಲಾಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಗಲಾಟೆ ಅಡಗಿಸುವ 'ನಾಯ್ಸ್ ಸಪ್ರೆಷನ್' ಆಫ್ ಮಾಡಿಬಿಡಿ, ಅದರ ಕಿವಿಗೆ ಮದ್ದಳೆಯೂ ಗಲಾಟೆಯೇ.

ಮೇಜಿನ ಸುತ್ತ ಕೂತ ಮೀಟಿಂಗ್

ಅಪಾರ್ಟ್‌ಮೆಂಟ್ ಸಂಘದ ಸಭೆ, ಸಹಕಾರ ಸಂಘದ ಕಮಿಟಿ, ಎಂಟು ಹತ್ತು ಜನ. ಮೈಕ್ ಸಿಸ್ಟಮ್ ಇಲ್ಲ. ಇಲ್ಲಿ ಯುಎಸ್‌ಬಿ ಮೈಕಿಗೇ ನನ್ನ ವೋಟು, ಆದರೆ ಅದು ಸುತ್ತಲೂ ಕೇಳಿಸಿಕೊಳ್ಳುವಂಥದ್ದಾಗಿರಬೇಕು. ಹಾಡು, ಪಾಡ್‌ಕಾಸ್ಟ್‌ಗೆ ಅಂತ ಮಾರುವ ಹೆಚ್ಚಿನ ಮೈಕುಗಳು ಎದುರಿನ ದನಿಯನ್ನಷ್ಟೇ ಹಿಡಿಯುತ್ತವೆ. ಹಿಂದೆ ಕೂತ ಖಜಾಂಚಿಯ ಲೆಕ್ಕ ಅದಕ್ಕೆ ಕೇಳುವುದಿಲ್ಲ. ಬ್ಲೂ ಯೇತಿಯಲ್ಲಿ ನಾಲ್ಕು ಬಗೆ ಬದಲಿಸುವ ಗುಂಡಿ ಇದೆ: ಎದುರು, ಎದುರು-ಹಿಂದೆ, ಸುತ್ತಲೂ, ಸ್ಟೀರಿಯೊ. 'ಸುತ್ತಲೂ'ಗೆ ತಿರುಗಿಸಿ ಮೇಜಿನ ನಡುವೆ ಇಡಿ. ಅಡಿಗೆ ಮಡಿಸಿದ ಟವೆಲ್ ಹಾಕಿ, ಇಲ್ಲದಿದ್ದರೆ ಯಾರೋ ಪೆನ್ ಕುಟ್ಟಿದ್ದು ಗುದ್ದಿದ ಹಾಗೆ ಕೇಳುತ್ತದೆ. ಕಾಫಿ ಲೋಟಗಳನ್ನು ದೂರ ಸರಿಸಿ. ಬಿಸ್ಕತ್ತಿನ ಪ್ಯಾಕೆಟ್ಟನ್ನಂತೂ ಮೀಟಿಂಗ್ ಮುಗಿಯುವವರೆಗೆ ಬಿಚ್ಚಬೇಡಿ.

ಫೋನಿನಲ್ಲೇ ಮಾಡಿದರೆ ಆಗಲ್ವಾ? ನಾಲ್ಕು ಜನರಾದರೆ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಏರ್‌ಪ್ಲೇನ್ ಮೋಡ್ ಹಾಕುವುದನ್ನು ಮರೆಯಬೇಡಿ. ಹಲವು ಫೋನುಗಳಲ್ಲಿ ಕರೆ ಬಂದರೆ ರೆಕಾರ್ಡಿಂಗ್ ನಿಂತುಬಿಡುತ್ತದೆ. ಕಂಪ್ಯೂಟರಿನ ಅನುಕೂಲ ಇರುವುದು ಎರಡು ಮೂರು ಗಂಟೆ ಎಳೆಯುವ ಸಭೆಯಲ್ಲಿ: ಜಾಗ ತುಂಬುವ ಚಿಂತೆ ಇಲ್ಲ, ದನಿಯ ಮಟ್ಟ ಕಣ್ಣಿಗೆ ಕಾಣುತ್ತದೆ, ಅಲ್ಲೇ ಕತ್ತರಿಸಿ ಕಳಿಸಬಹುದು. ಜೇಬಿನಲ್ಲಿ ಇಟ್ಟುಕೊಳ್ಳುವ ಪುಟ್ಟ ರೆಕಾರ್ಡರುಗಳೂ ಇವೆ. ಜಪಾನಿನ ಜೂಮ್ ಕಂಪನಿಯವು ಹೆಸರುವಾಸಿ. ವಿಡಿಯೊ ಮೀಟಿಂಗಿನ ಜೂಮ್‌ಗೂ ಇದಕ್ಕೂ ಸಂಬಂಧವಿಲ್ಲ, ಹುಡುಕುವಾಗ ಗೊಂದಲ ಆಗುತ್ತದೆ ಅಂತ ಹೇಳಿದೆ.

ಆನ್‌ಲೈನ್ ಮೀಟಿಂಗ್

ಇಲ್ಲಿ ಮೈಕಿನ ದೂರದ ತಲೆನೋವಿಲ್ಲ. ಬದಲಿಗೆ ಇನ್ನೊಂದು ಪ್ರಶ್ನೆ: ಯಾರ ದನಿ ಎಲ್ಲಿ ಸಿಗುತ್ತದೆ?

ಜೂಮ್ ಮೀಟಿಂಗ್ ಆದರೆ ಅದರದೇ ರೆಕಾರ್ಡಿಂಗ್ ಬಳಸಿ. ಪುಕ್ಕಟೆ ಖಾತೆಯಲ್ಲೂ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಬಹುದು, ಆದರೆ ಮೀಟಿಂಗ್ 40 ನಿಮಿಷಕ್ಕೆ ಮುಗಿಯುತ್ತದೆ. ವಿಡಿಯೊ ಜೊತೆಗೆ ಬರೀ ದನಿಯ ಎಂ4ಎ ಫೈಲ್ ತಾನಾಗಿ ಸಿಗುತ್ತದೆ. ಸೆಟ್ಟಿಂಗ್ಸ್‌ನ ರೆಕಾರ್ಡಿಂಗ್ ವಿಭಾಗದಲ್ಲಿ ಒಬ್ಬೊಬ್ಬರ ದನಿಯನ್ನೂ ಬೇರೆ ಫೈಲಾಗಿ ಉಳಿಸುವ ಆಯ್ಕೆ ಇದೆ. ಇದಕ್ಕೊಂದು ಟಿಕ್ ಹಾಕಿಡಿ. ಮಾತಿನ ನಡುವೆ ಯಾರ ಮನೆಯಲ್ಲೋ ಕುಕ್ಕರ್ ಕೂಗಿದರೆ ಅವರ ಫೈಲಿನಲ್ಲಿ ಅಷ್ಟನ್ನು ಅಳಿಸಬಹುದು, ಉಳಿದವರ ಮಾತು ಕೆಡುವುದಿಲ್ಲ. ಮೀಟಿಂಗ್ ಮುಗಿದ ಕೂಡಲೇ ಮಾತ್ರ ಲ್ಯಾಪ್‌ಟಾಪ್ ಮುಚ್ಚಬೇಡಿ. ರೆಕಾರ್ಡಿಂಗನ್ನು ಫೈಲಾಗಿ ಬದಲಾಯಿಸುವ ಕೆಲಸ ಆಮೇಲೆ ನಡೆಯುತ್ತದೆ.

ಗೂಗಲ್ ಮೀಟ್‌ನಲ್ಲಿ ರೆಕಾರ್ಡಿಂಗ್ ಇರುವುದು ದುಡ್ಡು ಕಟ್ಟುವ ಕೆಲವು ಯೋಜನೆಗಳಲ್ಲಿ ಮಾತ್ರ, ಫೈಲ್ ಗೂಗಲ್ ಡ್ರೈವ್‌ಗೆ ಹೋಗುತ್ತದೆ. ಮೈಕ್ರೋಸಾಫ್ಟ್ ಟೀಮ್ಸ್‌ನದು ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟ್‌ಗೆ. ಇವುಗಳಲ್ಲಿ ಆ ಸೌಲಭ್ಯ ನಿಮಗಿಲ್ಲದಿದ್ದರೆ ಕಂಪ್ಯೂಟರಿನಿಂದ ಹೊರಬರುವ ದನಿಯನ್ನೇ ಹಿಡಿಯಬೇಕು. ದಾರಿ ಎರಡು.

ಒಂದು ಆಡಾಸಿಟಿ, ದನಿ ರೆಕಾರ್ಡ್ ಮಾಡಿ ತಿದ್ದುವ ಸಾಫ್ಟ್‌ವೇರ್. ವಿಂಡೋಸ್‌ನಲ್ಲಿ ಆಡಿಯೊ ಹೋಸ್ಟ್ ಜಾಗದಲ್ಲಿ 'ವಿಂಡೋಸ್ ವಾಸಾಪಿ' ಆರಿಸಿ, ರೆಕಾರ್ಡಿಂಗ್ ಸಾಧನವಾಗಿ ಸ್ಪೀಕರ್ ಹೆಸರಿನ ಮುಂದೆ 'ಲೂಪ್‌ಬ್ಯಾಕ್' ಎಂದಿರುವುದನ್ನು ಆರಿಸಿದರೆ ಸ್ಪೀಕರಿಗೆ ಹೋಗುವುದೆಲ್ಲ ಫೈಲಿಗೆ ಬರುತ್ತದೆ. ಆದರೆ ನಿಮ್ಮ ಮಾತು ಬರುವುದಿಲ್ಲ! ಆಡಾಸಿಟಿ ಒಂದು ಸಲಕ್ಕೆ ಒಂದೇ ಸಾಧನದಿಂದ ರೆಕಾರ್ಡ್ ಮಾಡುತ್ತದೆ. ಬರೀ ಕೇಳುವ ಉಪನ್ಯಾಸಕ್ಕೆ ಇದು ಸಾಕು, ನೀವೂ ಮಾತಾಡುವ ಮೀಟಿಂಗಿಗೆ ಅಲ್ಲ.

ಇನ್ನೊಂದು ಓಬಿಎಸ್ ಸ್ಟುಡಿಯೊ. ಇದು ನಿಮ್ಮ ಮೈಕ್ ಮತ್ತು ಕಂಪ್ಯೂಟರಿನ ದನಿ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ, ಬೇಕಿದ್ದರೆ ಬೇರೆ ಬೇರೆ ಟ್ರ್ಯಾಕಿಗೆ ಹಾಕುತ್ತದೆ. ಫೈಲ್ ಬಗೆ ಎಂಕೆವಿ ಇರಲಿ. ನಡುವೆ ಕರೆಂಟ್ ಹೋಗಿ ಕಂಪ್ಯೂಟರ್ ಆರಿದರೂ ಅಲ್ಲಿವರೆಗಿನದು ಉಳಿಯುತ್ತದೆ, ಮಾಮೂಲಿ ಎಂಪಿ4 ಆದರೆ ಇಡೀ ಫೈಲೇ ತೆರೆಯದೆ ಹೋಗಬಹುದು. ಇದರ ತೊಂದರೆ ಅಂದರೆ ಇದು ಮೂಲತಃ ವಿಡಿಯೊ ಸಾಫ್ಟ್‌ವೇರ್. ಪರದೆ ಖಾಲಿ ಇದ್ದರೂ ಬರುವುದು ವಿಡಿಯೊ ಫೈಲೇ, ದನಿಯನ್ನು ಆಮೇಲೆ ಬೇರೆ ಮಾಡಬೇಕು. ಮೊದಲ ಸಲ ತೆರೆದಾಗ ಅಷ್ಟೊಂದು ಬಟನ್ ನೋಡಿ ಗಾಬರಿಯೂ ಆಗುತ್ತದೆ. ಆದರೂ ವಾರಕ್ಕೊಂದು ಮೀಟಿಂಗ್ ಇರುವವರು ಒಂದು ಸಂಜೆ ಕೂತು ಕಲಿತರೆ ನಷ್ಟವಿಲ್ಲ.

ಮ್ಯಾಕ್‌ನಲ್ಲಿ ಕಂಪ್ಯೂಟರಿನ ದನಿ ಹಿಡಿಯುವುದು ಮೊದಲಿನಿಂದಲೂ ಕಷ್ಟ. 'ಬ್ಲ್ಯಾಕ್‌ಹೋಲ್' ಎಂಬ ಉಚಿತ ಡ್ರೈವರ್ ಹಾಕಿಕೊಳ್ಳಬೇಕಿತ್ತು. ಮ್ಯಾಕ್‌ಓಎಸ್ 13ರಿಂದ ಈಚೆಗೆ ಓಬಿಎಸ್ ಅದಿಲ್ಲದೆಯೂ ಹಿಡಿಯುತ್ತದೆ. ಲಿನಕ್ಸ್‌ನವರಿಗೆ ಇಲ್ಲಿ ಸುಖ ಜಾಸ್ತಿ: ರೆಕಾರ್ಡಿಂಗ್ ಸಾಧನಗಳ ಪಟ್ಟಿಯಲ್ಲಿ 'ಮಾನಿಟರ್' ಎಂದಿರುವುದನ್ನು ಆರಿಸಿದರೆ ಆಯಿತು.

ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ಮಾತಾಡುವವರಿಗೆ ಒಂದು ಎಚ್ಚರಿಕೆ. ಅದರ ಮೈಕ್ ಚಾಲೂ ಆದ ಕೂಡಲೇ ಅದು ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ, ಮಾತು ಡಬ್ಬಿಯೊಳಗಿಂದ ಬಂದಂತಾಗುತ್ತದೆ. ವೈರ್ ಇರುವ ಹಳೇ ಇಯರ್‌ಫೋನೇ ವಾಸಿ.

ಹೊರದೇಶದ ಕನ್ನಡ ಕೂಟಗಳು ಇಲ್ಲಿಯವರನ್ನು ಆನ್‌ಲೈನಿನಲ್ಲಿ ಮಾತಿಗೆ ಕರೆಯುವುದು ಈಗ ಮಾಮೂಲಿ. ಇಲ್ಲಿ ಭಾನುವಾರ ಬೆಳಿಗ್ಗೆ 9 ಅಂದರೆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ರಾತ್ರಿ 8.30. ನೆಟ್ ನಡುವೆ ಕೈಕೊಟ್ಟರೆ ಅಲ್ಲಿನ ರೆಕಾರ್ಡಿಂಗಿನಲ್ಲಿ ಅರ್ಧ ವಾಕ್ಯಗಳೇ ನುಂಗಿಹೋಗಿರುತ್ತವೆ. ಮಾತಾಡುವವರು ತಮ್ಮ ಮನೆಯಲ್ಲೇ ಫೋನನ್ನು ಮುಂದಿಟ್ಟುಕೊಂಡು ರೆಕಾರ್ಡ್ ಮಾಡಿ ಆಮೇಲೆ ಕಳಿಸಲಿ. ನೆಟ್ ಹೋದರೂ ಆ ಫೈಲಿನಲ್ಲಿ ಮಾತು ತುಂಡಾಗಿರುವುದಿಲ್ಲ. ಕೂಟದವರು ಈ ಒಂದು ಕೋರಿಕೆಯನ್ನು ಆಹ್ವಾನದ ಜೊತೆಗೇ ಕಳಿಸಿದರೆ ಸಾಕು.

ಸಾಫ್ಟ್‌ವೇರ್, ಕೊನೆಗೂ

ಮೈಕ್ ಅಥವಾ ಲೈನಿನಿಂದ ರೆಕಾರ್ಡ್ ಮಾಡುವುದಷ್ಟೇ ಕೆಲಸವಾದರೆ ಕಂಪ್ಯೂಟರಿನಲ್ಲಿ ಆಗಲೇ ಇರುವುದೇ ಸಾಕು. ವಿಂಡೋಸ್ ಎಕ್ಸ್‌ಪಿ ಕಾಲದ ಸೌಂಡ್ ರೆಕಾರ್ಡರ್ 60 ಸೆಕೆಂಡಿಗೆ ನಿಲ್ಲುತ್ತಿತ್ತು, ಅದರ ಕೆಟ್ಟ ಹೆಸರು ಇನ್ನೂ ಉಳಿದಿದೆ. ವಿಂಡೋಸ್ 11ರದ್ದು ಹಾಗಲ್ಲ. ಎಂಪಿ3, ಎಂ4ಎ, ವೇವ್, ಫ್ಲ್ಯಾಕ್ ಯಾವುದರಲ್ಲಿ ಬೇಕಾದರೂ ಉಳಿಸುತ್ತದೆ. ಮ್ಯಾಕ್‌ನಲ್ಲಿ ಕ್ವಿಕ್‌ಟೈಮ್ ಪ್ಲೇಯರ್ ಅಥವಾ ವಾಯ್ಸ್ ಮೆಮೋಸ್.

ಹಾಗಿದ್ದರೆ ಆಡಾಸಿಟಿ ಯಾಕೆ? 2000ದಿಂದ ಇರುವ ಈ ಉಚಿತ ಸಾಫ್ಟ್‌ವೇರನ್ನು ನಾನು ಬಿಡದಿರುವುದಕ್ಕೆ ಕಾರಣ ಅದರ ಮೀಟರ್. ದನಿ ಎಷ್ಟು ಮೇಲೇರುತ್ತಿದೆ ಅಂತ ದೊಡ್ಡದಾಗಿ ತೋರಿಸುತ್ತದೆ. ಮಾತು ಜೋರಾದಾಗ ಮೈನಸ್ 12 ಡೆಸಿಬೆಲ್‌ನ ಆಸುಪಾಸು ಆಡುತ್ತಿರಲಿ, ಮೈನಸ್ 6 ದಾಟದಿರಲಿ. ಫ್ಯಾನ್ ಸದ್ದು ತಗ್ಗಿಸುವ ಸೌಲಭ್ಯವೂ ಇದೆ. ಅದಕ್ಕೆ ಯಾರೂ ಮಾತಾಡದ ಐದು ಸೆಕೆಂಡ್ ಸ್ಯಾಂಪಲ್ ಬೇಕು, ಹಾಗಾಗಿ ಪ್ರಾರ್ಥನೆಗೆ ಮುಂಚೆಯೇ ರೆಕಾರ್ಡ್ ಒತ್ತಿಬಿಡಿ. ನಡುವೆ ಕಂಪ್ಯೂಟರ್ ಆರಿಹೋದರೆ ಆಡಾಸಿಟಿ ಮತ್ತೆ ತೆರೆದಾಗ ಫೈಲ್ ಮರಳಿ ಕೊಡುವುದಾ ಅಂತ ಕೇಳುತ್ತದೆ. ಒಂದೇ ಗೊಂದಲ: 'ಸೇವ್' ಒತ್ತಿದರೆ ಸಿಗುವುದು ಎಯುಪಿ3 ಎಂಬ ಪ್ರಾಜೆಕ್ಟ್ ಫೈಲ್. ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಯಾರ ಫೋನಿನಲ್ಲೂ ಹಾಡುವುದಿಲ್ಲ. 'ಎಕ್ಸ್‌ಪೋರ್ಟ್' ಮಾಡಿ ಎಂಪಿ3 ಕಳಿಸಬೇಕು.

ಎಷ್ಟು ಜಾಗ ಬೇಕು? ಸಿ.ಡಿ. ಗುಣಮಟ್ಟದ ಸ್ಟೀರಿಯೊ ವೇವ್ ಗಂಟೆಗೆ ಸುಮಾರು 635 ಎಂಬಿ. ಮೊನೊ, ಅಂದರೆ ಎಡ-ಬಲ ಬೇರೆ ಮಾಡದೆ ಒಂದೇ ದನಿ, ಆದರೆ ಅದರ ಅರ್ಧ. 64 ಕೆಬಿಪಿಎಸ್ ಮೊನೊ ಎಂಪಿ3 ಗಂಟೆಗೆ 29 ಎಂಬಿ ಅಷ್ಟೇ, ಮಾತಿಗೆ ಇದು ಸಾಲುತ್ತದೆ. ಒಬ್ಬರ ಬಾಯಿಂದ ಬರುವ ಮಾತಿಗೆ ಸ್ಟೀರಿಯೊ ಮಾಡಿ ಜಾಗ ಕಳೆಯುವುದು ಸುಮ್ನೆ ದಂಡ. ತಾಳಮದ್ದಳೆ, ಗಮಕ ಆದರೆ ಸ್ಟೀರಿಯೊ, 128 ಕೆಬಿಪಿಎಸ್‌ಗಿಂತ ಕೆಳಗಿಳಿಯಬೇಡಿ.

ರೆಕಾರ್ಡ್ ಒತ್ತುವ ಮುಂಚೆ ಲ್ಯಾಪ್‌ಟಾಪಿನ ಸ್ಲೀಪ್ ಆಫ್ ಮಾಡಿ, ಅಪ್‌ಡೇಟ್ ಮುಂದೂಡಿ, ವಾಟ್ಸಾಪ್ ವೆಬ್ ಮುಚ್ಚಿ. ಮತ್ತೆ ಬಾರದ ಕಾರ್ಯಕ್ರಮವಾದರೆ ಪೋಡಿಯಂ ಮೇಲೆ ಒಂದು ಫೋನನ್ನೂ ರೆಕಾರ್ಡಿಗೆ ಹಾಕಿಡಿ.

ರೆಕಾರ್ಡ್ ಆಗುತ್ತಿದೆ ಅಂತ ಹೇಳಿಯೇ ಮಾಡಿ. ಜೂಮ್ ತಾನೇ ಎಲ್ಲರಿಗೂ ಸೂಚನೆ ಕೊಡುತ್ತದೆ, ಲೂಪ್‌ಬ್ಯಾಕ್ ಮತ್ತು ಓಬಿಎಸ್ ಕೊಡುವುದಿಲ್ಲ. ಅಲ್ಲಿ ಹೇಳುವ ಕೆಲಸ ನಿಮ್ಮದು. ಆ ಒಪ್ಪಿಗೆಯ ಮಾತೂ ರೆಕಾರ್ಡಿನಲ್ಲಿರಲಿ. ಸಂಘದ ಸಭೆಯಲ್ಲಿ ಜಗಳ ಎದ್ದು ಕೋರ್ಟಿಗೆ ಹೋಗುವ ಸಾಧ್ಯತೆ ಇದ್ದರೆ ಕತ್ತರಿಸದ ಮೂಲ ಫೈಲನ್ನು ಹಾಗೇ ಇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಫೈಲಿನ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ 'ಹ್ಯಾಶ್' ಸಂಖ್ಯೆಯನ್ನೂ, ಅಂದರೆ ಫೈಲಿನಿಂದಲೇ ಲೆಕ್ಕ ಹಾಕಿ ತೆಗೆಯುವ ಬೆರಳಚ್ಚಿನಂಥ ಗುರುತನ್ನೂ, ಬರೆಯಬೇಕಾಗುತ್ತದೆ. ಒಂದು ಸೆಕೆಂಡ್ ಕತ್ತರಿಸಿದರೂ ಆ ಸಂಖ್ಯೆ ಬದಲಾಗುತ್ತದೆ.

ಮಾತನ್ನು ಬರಹಕ್ಕೆ ಇಳಿಸುವ ಆಸೆ ಇದ್ದರೆ, ಓಪನ್‌ಎಐ 2022ರಲ್ಲಿ ಬಿಟ್ಟ ವಿಸ್ಪರ್ ಥರದ ಸಾಧನಗಳು ಕನ್ನಡವನ್ನೂ ಕೇಳಿ ಬರೆಯುತ್ತವೆ. ತಪ್ಪು ಬೇಕಾದಷ್ಟು ಮಾಡುತ್ತವೆ, ಊರಿನ ಹೆಸರು, ಮನೆತನದ ಹೆಸರುಗಳಲ್ಲಂತೂ ಕೇಳಲೇಬೇಡಿ. ವಿಸ್ಪರ್ ಯಾವ ಫೈಲ್ ಕೊಟ್ಟರೂ ಅದನ್ನು ಮೊದಲು 16 ಕಿಲೋಹರ್ಟ್ಸ್‌ಗೆ, ಅಂದರೆ ಸಿ.ಡಿ.ಗಿಂತ ಕಮ್ಮಿ ಗುಣಮಟ್ಟಕ್ಕೆ, ಇಳಿಸಿಕೊಂಡೇ ಕೇಳುತ್ತದೆ, ಹಾಗಾಗಿ ದೊಡ್ಡ ವೇವ್ ಫೈಲ್ ಕೊಟ್ಟು ಲಾಭವಿಲ್ಲ. ಕಾಲರ್ ಮೈಕಿನ ಫೈಲ್ ಕೊಟ್ಟರೆ ತಿದ್ದಿ ಬಳಸುವಷ್ಟಾದರೂ ಸಿಗುತ್ತದೆ. ಮೂರನೇ ಸಾಲಿನ ಲ್ಯಾಪ್‌ಟಾಪಿನದ್ದಾದರೆ ತಿದ್ದುವುದಕ್ಕಿಂತ ಕೂತು ಕೇಳಿ ನೀವೇ ಬರೆಯುವುದು ಬೇಗ.